ನನ್ನ ಗಂಟು, ಅಪ್ಪನ ತಂಡ, ಅವ್ವನ ಚಹಾ

ಕ್ಯಾನ್ಸರ್ ನನ್ನನ್ನು ಒಳ್ಳೆಯವಳನ್ನಾಗಿ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಕಾಯಿಲೆಯಿಂದ ಎದ್ದು ಬಂದವರು ಬರೆದದ್ದು ಕೈಗೆ ಸಿಕ್ಕಿದ್ದನ್ನೆಲ್ಲ ನಾನು ಆ ಆರು ತಿಂಗಳಲ್ಲಿ ಓದಿದೆ. ಎಲ್ಲರೂ ಕೊನೆಯ ಪುಟದ ಹೊತ್ತಿಗೆ ಮುಂಜಾನೆಯ ಬೆಳಕು, ಹಕ್ಕಿಗಳ ದನಿ, ಪ್ರತಿ ಉಸಿರಿಗೂ ಕೃತಜ್ಞತೆ ಎಂದು ಶುರುಮಾಡಿರುತ್ತಾರೆ. ನ್ಯೂಜೆರ್ಸಿಯ ಎಡಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಮುಂಜಾನೆ ಕೂಗುತ್ತಿದ್ದದ್ದು ಕಸದ ದೊಡ್ಡ ಡಬ್ಬಿಯ ಮೇಲೆ ಜಗಳಕ್ಕೆ ಬಿದ್ದ ಕಾಗೆಗಳು. ನಾನು ಆ ಆರು ತಿಂಗಳನ್ನು ಸಿಟ್ಟಿನ ಮೇಲೆಯೇ ಕಳೆದೆ. ಡಾಕ್ಟರ ಮೇಲೆ ಸಿಟ್ಟು, ನೋಡಲು ಬಂದವರ ಮೇಲೆ ಸಿಟ್ಟು, ನೋಡಲು ಬಾರದವರ ಮೇಲೆ ಇನ್ನೂ ಸಿಟ್ಟು. ಇದನ್ನು ಓದುತ್ತಿರುವ ಯಾರಾದರೂ ಈಗ ಅಂಥದೇ ಕುರ್ಚಿಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಕುಳಿತು, ತಮಗೆ ಮನಶ್ಶಾಂತಿ ಯಾಕೆ ಬರುತ್ತಿಲ್ಲ ಎಂದು ಹೊಸದೊಂದು ಚಿಂತೆ ಹಚ್ಚಿಕೊಂಡಿದ್ದರೆ ಅವರಿಗೆ ಇಷ್ಟು ಹೇಳುತ್ತೇನೆ: ಬರದಿದ್ದರೆ ಬಿಡಿ. ನನಗೂ ಬರಲಿಲ್ಲ.

ನಾನು ಹುಟ್ಟಾ ಚಿಂತೆಗಾರ್ತಿ. ಬಾಗಿಲಿಗೆ ಬೀಗ ಹಾಕಿ ಕಾರಿನ ತನಕ ಹೋದವಳು ಮೂರು ಸಲ ತಿರುಗಿ ಬಂದು ಜಗ್ಗಿ ನೋಡುತ್ತೇನೆ. ಇಂಥವಳಿಗೆ ತಕ್ಕ ಉದ್ಯೋಗವೂ ಸಿಕ್ಕಿತ್ತು. ಬೆಂಗಳೂರಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೋಬಾಲ್ ಎಂಬ ಮುದಿ ಭಾಷೆಯಲ್ಲಿ ಪ್ರೋಗ್ರಾಮು ಬರೆದುಕೊಂಡಿದ್ದವಳನ್ನು, ಶತಮಾನ ಮಗುಚಿದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ಇಸವಿ ಮರೆತು ಕುಸಿಯುತ್ತವೆ ಎಂಬ ಭಯ ಹುಟ್ಟಿದಾಗ ನ್ಯೂಜೆರ್ಸಿಗೆ ಕರೆತಂದರು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯ ಆಫೀಸಿನಲ್ಲಿ ಕುಳಿತು, ಎರಡೇ ಅಂಕಿಯಲ್ಲಿ ಬರೆದಿಟ್ಟ ಇಸವಿಗಳನ್ನು ಹುಡುಕಿ ನಾಲ್ಕಂಕಿ ಮಾಡುವುದು ನನ್ನ ಕೆಲಸ. ಅಂದರೆ, ಆಗಬಹುದಾದ ಅನಾಹುತಗಳನ್ನು ಕಲ್ಪಿಸಿಕೊಳ್ಳುವುದಕ್ಕೆ ಸಂಬಳ. ಎರಡು ಸಾವಿರದ ಜನವರಿ ಒಂದರಂದು ಏನೂ ಆಗಲಿಲ್ಲ. ದೀಪ ಉರಿಯಿತು, ನಲ್ಲಿಯಲ್ಲಿ ನೀರು ಬಂತು. ನಾನು ಮಾತ್ರ ಫೆಬ್ರವರಿಯವರೆಗೂ ನಂಬಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಕಾನ್ಫರೆನ್ಸ್ ಕಾಲಿನಲ್ಲಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದಾಗ ಕುತ್ತಿಗೆಯ ಎಡಬದಿಗೆ ಏನೋ ಒತ್ತಿತು. ಗೋಲಿಯಷ್ಟು ದಪ್ಪ. ನೋವಿಲ್ಲ. ನಲವತ್ತೆರಡು ವರ್ಷ ಇಲ್ಲದ ಅನಾಹುತಗಳನ್ನು ಹುಡುಕಿದವಳಿಗೆ ಕಡೆಗೂ ಒಂದು ನಿಜವಾದದ್ದು ಸಿಕ್ಕಿತ್ತು. ಸಿಕ್ಕಾಗ ನಾನು ಮಾಡಿದ್ದೇನು? ಫೋನಿನದೇ ತಪ್ಪೆಂದು ಹೊಸ ಹೆಡ್‌ಸೆಟ್ ತರಿಸಿದೆ.

ಆಗ ಅಪ್ಪ ಅವ್ವ ನನ್ನ ಜೊತೆಯೇ ಇದ್ದರು. ಅವರನ್ನು ಅಮೆರಿಕಕ್ಕೆ ಕರೆಸಿಕೊಂಡವನು ಹಿಲ್ಸ್‌ಬರೋದಲ್ಲಿ ದೊಡ್ಡ ಮನೆ ಕಟ್ಟಿಸಿದ ನನ್ನ ಅಣ್ಣ. ಅಲ್ಲಿ ಒಗ್ಗರಣೆಯ ವಾಸನೆಯ ಮೇಲೆ ಶುರುವಾದ ಮಾತು ಚಪ್ಪಲಿ ಬಿಡುವ ಜಾಗದ ತನಕ ಬೆಳೆದು, ಎರಡೇ ವರ್ಷಕ್ಕೆ ಅವರಿಬ್ಬರೂ ನಾಲ್ಕು ಸೂಟ್‌ಕೇಸುಗಳೊಂದಿಗೆ ನನ್ನ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಬಂದಿಳಿದಿದ್ದರು. ನನಗೆ ಅದು ಸಂತೋಷದ ವಿಷಯವಾಗಿತ್ತು ಎಂದರೆ ಸುಳ್ಳಾಗುತ್ತದೆ. ಅಪ್ಪ ನನ್ನೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ನಾನು ಆ ಗಂಡನ್ನು ಒಲ್ಲೆ ಎಂದಿದ್ದೆ. ಅಲ್ಲಿಂದ ಮುಂದೆ ನಮ್ಮಿಬ್ಬರ ಮಾತೆಲ್ಲ ಅವ್ವನ ಮೂಲಕ. ಒಂದೇ ಕೋಣೆಯಲ್ಲಿ ಕುಳಿತು, “ಪೇಪರ್ ಕೊಡಂತ ಹೇಳು ನಿನ್ನ ಮಗಳಿಗೆ” ಎನ್ನುತ್ತಿದ್ದ. ಅವ್ವ ತಲೆ ಕೂಡ ಎತ್ತದೆ, “ಕೇಳ್ಸಿತಲ್ಲೇನು, ಕೊಡು” ಎನ್ನುತ್ತಿದ್ದಳು.

ಈ ಮೌನವನ್ನು ಮುರಿದದ್ದು ಬೇಸ್‌ಬಾಲ್. ಅಣ್ಣನ ಮನೆಯ ನೆಲಮಾಳಿಗೆಯಲ್ಲಿ, ಯಾರೂ ಮಾತಾಡಿಸದ ಸಂಜೆಗಳಲ್ಲಿ, ಟೀವಿಯ ಎದುರು ಕುಳಿತು ಅಪ್ಪ ಅದನ್ನು ಒಬ್ಬನೇ ಕಲಿತಿದ್ದ. ನ್ಯೂಯಾರ್ಕಿಗೆ ಎರಡು ತಂಡ. ಬ್ರಾಂಕ್ಸಿನದಕ್ಕೆ ಗೆಲ್ಲುವುದೇ ಕಸುಬು. ನಮ್ಮ ಪರಿಚಯದ ಸಾಫ್ಟ್‌ವೇರಿನವರೆಲ್ಲ ಅದರ ಟೋಪಿ ಹಾಕಿಕೊಂಡು ತಿರುಗುತ್ತಿದ್ದರು. ಕ್ವೀನ್ಸಿನದು ಇನ್ನೊಂದು. ಅಪ್ಪ ಮೊದಲ ದಿನ ನೋಡಿದಾಗ ಕ್ವೀನ್ಸಿನವನೊಬ್ಬ ಮಡಿಲಿಗೆ ಬಂದ ಚೆಂಡನ್ನು ಕೈಬಿಟ್ಟು, ಬಿದ್ದ ಜಾಗ ಹುಡುಕುತ್ತ ನಿಂತಿದ್ದನಂತೆ. ಇದು ನಮ್ಮ ಹುಬ್ಬಳ್ಳಿ ಡಿವಿಜನ್ ಇದ್ದಂಗ ಐತಿ ಎಂದು ಅಪ್ಪ ಅವತ್ತೇ ಆ ತಂಡಕ್ಕೆ ಒಲಿದುಬಿಟ್ಟ.

ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಮೂವತ್ತನಾಲ್ಕು ವರ್ಷ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತು, ಎಲ್ಲಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು, ತಡವಾದರೆ ಯಾಕೆ ಎಂದು ಬರೆದವನು. ಮೇಲ್ ಗಾಡಿ ಬರುವುದಿದ್ದರೆ ಗೂಡ್ಸನ್ನು ಅಳ್ನಾವರದ ಲೂಪ್ ಲೈನಿಗೆ ತಳ್ಳಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ಪಕ್ಕದ ಹಳಿಯ ಮೇಲೆ ದೀಪ ಹಾಕಿಕೊಂಡು ಹಾದುಹೋಗುವ ಮೇಲಿಗೆ ಹಸಿರು ಬಾವುಟ ತೋರಿಸುತ್ತ ತನ್ನ ಅರ್ಧ ಆಯುಷ್ಯ ಕಳೆಯಿತೆಂದು ಅಪ್ಪ ಬೈಯುತ್ತಿದ್ದ. ಬೇಸ್‌ಬಾಲ್ ನೋಡುವಾಗಲೂ ಅದೇ ಬಗೆಯ ಉದ್ದನೆಯ ವಹಿ ಅವನ ತೊಡೆಯ ಮೇಲಿರುತ್ತಿತ್ತು. ಆಟದಲ್ಲಿ ಮೂರು ಬೇಸು ಮುಟ್ಟಿ ಮನೆಗೆ ಬಂದರೆ ಒಂದು ರನ್. ನಮ್ಮವರು ಮೂರನೆಯದರ ತನಕ ಬಂದು ಅಲ್ಲೇ ನಿಂತುಬಿಡುತ್ತಿದ್ದರು. ಅಪ್ಪ ಅಂಥದ್ದಕ್ಕೆಲ್ಲ “ಔಟರ್ ಸಿಗ್ನಲ್‌ನಲ್ಲಿ ನಿಂತಿದೆ” ಎಂದೇ ಬರೆಯುತ್ತಿದ್ದ. ಕಡೆಯ ಕಾಲಮ್ಮು ತಡೆಗೆ ಕಾರಣ. ಅಲ್ಲಿ ಚೆಂಡೆಸೆಯುವ ಪಿಚರ್ ಎಂದೋ ಕೋಚ್ ಎಂದೋ ಇರುತ್ತಿತ್ತು. ಒಮ್ಮೊಮ್ಮೆ ಬರೆಯಲಾಗದ ಮಾತು ಬರೆದಿರುತ್ತಿತ್ತು.

ಅಡುಗೆಮನೆಯಿಂದ ಅವ್ವ ಬಂದು ಸೇರಿದಳು. ಅವಳಿಗೆ ನಿಯಮಗಳು ಬೇಡವಾಗಿದ್ದವು. ಚೆಂಡು ಕೈಬಿಟ್ಟವನಿಗೆ ಕರಿನಾಗರ ಕಡೀಲಿ, ಬೀಸಿ ತಪ್ಪಿದವನ ಕೈ ಸೇದಿಹೋಗಲಿ, ಕೋಚಿನ ಹೆಣ ಎತ್ತಲಿ ಎಂದು ಬತ್ತಿ ಹೊಸೆಯುತ್ತ ಒಂದೇ ದನಿಯಲ್ಲಿ ಶಪಿಸುವಳು. ಆಮೇಲೆ ನಾನು. ಒಂದು ಸಂಜೆ ಸೋಫಾದ ಹಿಂದೆ ನಿಂತು, ಆ ಎಡಗೈ ಪಿಚರನನ್ನು ಯಾಕೆ ಇನ್ನೂ ತೆಗೆದಿಲ್ಲ ಎಂದು ನನಗೆ ನಾನೇ ಅಂದುಕೊಂಡೆ. ಅಪ್ಪ ತಿರುಗದೆ, ನೇರ ನನಗೇ ಹೇಳಿದ. “ತಗ್ಯಾಕ ಕೋಚ್‌ಗ ತಲಿ ಇರಬೇಕಲ್ಲ.” ಹನ್ನೊಂದು ವರ್ಷದಲ್ಲಿ ಅದು ಮೊದಲ ಮಾತು. ನಾವು ಮೂವರೂ ಅದನ್ನು ಗಮನಿಸಲಿಲ್ಲವೆಂಬಂತೆ ನಟಿಸಿದೆವು. ಅಲ್ಲಿಂದ ಮುಂದೆ ನಮ್ಮ ಮನೆಯ ಪ್ರೀತಿಯೆಲ್ಲ ಬೈಗುಳವಾಗಿಯೇ ಹರಿಯಿತು. ಅದೂ ಬೇರೆಯವರಿಗೆ ಬೈದದ್ದು.

ಹೆಡ್‌ಸೆಟ್ ಬಂದ ಮೇಲೂ ಗಂಟು ಹೋಗಲಿಲ್ಲ. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಲಿಂಫೋಮಾ ಎಂದರು, ನಾಲ್ಕರಲ್ಲಿ ಎರಡನೇ ಹಂತ ಎಂದರು, ಬರಲೇಬೇಕಾದರೆ ಇದೇ ಒಳ್ಳೆಯ ಕ್ಯಾನ್ಸರ್ ಎಂದರು. ಒಳ್ಳೆಯ ಕ್ಯಾನ್ಸರ್. ಯಾರಿಗೆ ಬೇಕಾಗಿತ್ತು? ಅವರ ಗೋಡೆಯ ಮೇಲಿನ ಸರ್ಟಿಫಿಕೇಟುಗಳಲ್ಲಿ ಒಂದು ಸೊಟ್ಟಗಿತ್ತು. ಇದನ್ನೇ ನೆಟ್ಟಗೆ ತೂಗುಹಾಕಲಾಗದವರು ನನ್ನನ್ನೇನು ನೆಟ್ಟಗೆ ಮಾಡುತ್ತಾರೆ ಎಂದು ಅದನ್ನೇ ನೋಡುತ್ತ ಕುಳಿತೆ.

ಮನೆಯಲ್ಲಿ ಹೇಳಿದ್ದು ಅವತ್ತು ಸಂಜೆ, ಒಂಬತ್ತು ಇನ್ನಿಂಗ್ಸಿನ ಆಟದ ಮೂರನೆಯದರಲ್ಲಿ. ಅವ್ವ ಟೀವಿ ಆರಿಸಿದಳು. ಅಪ್ಪ ತಕ್ಷಣ, “ಹಚ್ಚು” ಎಂದ. ನನಗೆ ಮೈ ಉರಿದುಹೋಯಿತು. ಮಗಳಿಗೆ ಕ್ಯಾನ್ಸರ್ ಅಂದರೆ ಈ ಮನುಷ್ಯನಿಗೆ ಸ್ಕೋರು ಬೇಕು. ರಿಮೋಟನ್ನು ಅವನ ಕಡೆ ಎಸೆದೆ. ಅವನು ಹಿಡಿದ, ನಮ್ಮ ತಂಡದವರಿಗೆ ಬಾರದ ವಿದ್ಯೆ. ಟೀವಿ ಹಚ್ಚಿ, ದನಿ ಸಣ್ಣದು ಮಾಡಿ, ಪರದೆಯನ್ನೇ ನೋಡುತ್ತ ಕೇಳಿದ.

“ನಾಕರಾಗ ಎರಡಂದ್ರ, ಎರಡನೇ ಬೇಸಿಗೆ ಬಂದೈತೇನು?”

“ಹೂಂ.”

“ಅದರ ಪಾಳಿ ಬ್ಯಾಟಿಂಗಿಂದು. ನಾವು ಚೆಂಡ ಒಗಿಯಾಕ ನಿಂತೀವಿ. ಮನಿ ಮುಟ್ಟಾಕ ಬಿಡಬಾರ್ದು, ಅಷ್ಟ.”

“ನಮ್ಮ ಪಿಚರ್‌ಗೋಳ ನೋಡೀಯಲ್ಲಪಾ,” ಎಂದೆ.

“ನೋಡೀನಿ,” ಎಂದ ಅಪ್ಪ. “ಅದಕ್ಕ ಅಂಜಿಕಿ ಬರಾಕತ್ತೈತಿ.”

ಅಪ್ಪನ ಬಾಯಲ್ಲಿ ಆ ಮಾತು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಕೀಮೋ, ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ. ಬೇಸ್‌ಬಾಲಿನ ಋತುವೂ ಅದೇ. ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ. ಅದರೊಳಗೊಂದು ದಪ್ಪ ಕಿತ್ತಳೆ ಮೀನು ಗಾಜಿಗೆ ಮೂತಿ ಒತ್ತಿ ಒಬ್ಬೊಬ್ಬರನ್ನೇ ನೋಡುತ್ತಿತ್ತು. ಮುಂದಿನ ಸರದಿ ಯಾರದೆಂದು ಅದಕ್ಕೆ ಗೊತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಅದು ಎರಡು ಸಲಕ್ಕಿಂತ ಹೆಚ್ಚು ನನ್ನನ್ನು ದಿಟ್ಟಿಸಿದ ದಿನ ನಾನು ಕುರ್ಚಿ ಬದಲಿಸುತ್ತಿದ್ದೆ. ಅಪ್ಪ ಮಾತ್ರ ವಹಿ ಹಿಡಿದು ಅಲ್ಲೇ ಕೂರುತ್ತಿದ್ದ. ವಹಿಯ ಎಡಪುಟದಲ್ಲಿ ಆಟ, ಬಲಪುಟದಲ್ಲಿ ನಾನು: ಜ್ವರ ಎಷ್ಟು, ಬಿಳಿ ರಕ್ತಕಣ ಎಷ್ಟು, ಎಷ್ಟು ಹೊತ್ತಿಗೆ ಸೂಜಿ ಹಾಕಿದರು, ಎಷ್ಟು ಹೊತ್ತಿಗೆ ತೆಗೆದರು. ಇಪ್ಪತ್ತು ನಿಮಿಷ ತಡವಾದರೆ ಕೌಂಟರಿಗೆ ಹೋಗಿ ಕಾರಣ ಕೇಳುತ್ತಿದ್ದ. ಆ ಹುಡುಗಿ ಒಂದಲ್ಲ ಒಂದು ಕಾರಣ ಹೇಳುವಳು, ಅಪ್ಪ ಬರೆದುಕೊಳ್ಳುವನು. ನಾನು ನಾಚಿಕೆಯಿಂದ ಮೀನಿನ ಕಡೆ ನೋಡುವೆನು.

ನನಗೆ ಸೂಜಿ ಹಾಕುತ್ತಿದ್ದ ನರ್ಸಿನ ಹೆಸರು ಡೆನಿಸ್. ಎತ್ತರದ, ಗಟ್ಟಿ ಗಂಟಲಿನ ಹೆಂಗಸು. ಬ್ರಾಂಕ್ಸಿನ ತಂಡದ ಭಕ್ತೆ. ಕೀಮೋ ವಾರ್ಡಿನಲ್ಲಿಯೇ ಆ ತಂಡದ ಟೋಪಿ ಹಾಕಿಕೊಂಡು ಓಡಾಡುವಷ್ಟು ಕೊಬ್ಬು. ಅಪ್ಪನ ವಹಿ ನೋಡಿ ನಾವು ಯಾರ ಕಡೆಯವರೆಂದು ತಿಳಿದ ಕ್ಷಣದಿಂದ ನಮಗೂ ಅವಳಿಗೂ ಬದ್ಧ ವೈರ. ನಿಮ್ಮ ಪಿಚರ್ ನಿನ್ನೆ ಎಸೆದದ್ದಕ್ಕಿಂತ ನಾನು ಚುಚ್ಚುವುದು ನೇರವಾಗಿರುತ್ತದೆ ನೋಡು ಎನ್ನುವಳು. ನಾನು ಉತ್ತರ ಹುಡುಕುವಷ್ಟರಲ್ಲಿ ಸೂಜಿ ಒಳಗಿರುತ್ತಿತ್ತು. ನನ್ನ ನರಗಳು ಒಂದೊಂದೇ ಒಣಗಿ ಹಗ್ಗವಾದ ಆಗಸ್ಟಿನಲ್ಲೂ ಅವಳು ಎರಡನೇ ಸಲ ಚುಚ್ಚಿದ್ದಿಲ್ಲ. ಕರುಣೆಯಿಂದ ಮಾತಾಡುತ್ತಿದ್ದ ಇನ್ನೊಬ್ಬ ನರ್ಸು ಒಮ್ಮೆ ನಾಲ್ಕು ಸಲ ಚುಚ್ಚಿದಳು. ಅವತ್ತಿನಿಂದ ನನಗೆ ಕರುಣೆಯ ದನಿ ಕೇಳಿದರೆ ಮೊಣಕೈ ತಾನಾಗಿಯೇ ಮಡಚಿಕೊಳ್ಳುತ್ತದೆ.

ಮನೆಗೆ ಬರುತ್ತಿದ್ದವರಲ್ಲಿ ಇಂಥ ದನಿಯವರೇ ಹೆಚ್ಚು. ಒಬ್ಬ ಆಂಟಿ ಗೋಧಿ ಹುಲ್ಲಿನ ರಸ ತಂದು, ನಾನು ಪೂರ್ತಿ ಕುಡಿಯುವ ತನಕ ಎದುರು ನಿಂತು, ಆಮೇಲೆ ತನ್ನ ಪರಿಚಯದವರೊಬ್ಬರಿಗೆ ಇದೇ ಕಾಯಿಲೆ ಬಂದು ಹೋಗಿಬಿಟ್ಟರು ಪಾಪ ಎಂದರು. ಒಬ್ಬ ಅಂಕಲ್ ಪಾಸಿಟಿವ್ ಆಗಿ ಯೋಚನೆ ಮಾಡಮ್ಮ, ನೀನು ಯಾವಾಗಲೂ ತುಂಬ ವರಿ ಮಾಡುತ್ತಿದ್ದೆಯಲ್ಲ, ಅದಕ್ಕೇ ಬಂದದ್ದು ಎಂದರು. ಅಣ್ಣ ಹೂವಿನಂತೆ ಕತ್ತರಿಸಿದ ಹಣ್ಣಿನ ಬುಟ್ಟಿ ತಂದ. ನನಗೆ ಹಸಿ ಹಣ್ಣು ಕೂಡದೆಂದು ಡಾಕ್ಟರು ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಫೋನ್ ಮಾಡಬೇಕಿತ್ತು. ನನಗೆ ವಿಶ್ರಾಂತಿ ಬೇಕು, ಅಪ್ಪ ಅವ್ವ ಕೆಲವು ತಿಂಗಳು ತನ್ನಲ್ಲಿಗೆ ಬಂದಿರಲಿ ಎಂದ. ಅಪ್ಪ ಟೀವಿಯ ದನಿ ಏರಿಸಿ, “ನಿನ್ನ ಮನ್ಯಾಗ ನಮಗ ನೆಲಮಾಳಿಗಿ ಐತಿ. ಇಲ್ಲಿ ಸೋಫಾ ಐತಿ,” ಎಂದ. ಬಂದವರನ್ನೆಲ್ಲ ಅಪ್ಪ ಓಡಿಸುತ್ತಿದ್ದದ್ದು ಹೀಗೆಯೇ. ಆಟ ಶುರುವಾಯಿತೆಂದರೆ ಯಾರು ಕುಳಿತಿದ್ದರೂ ದನಿ ಏರುತ್ತಿತ್ತು. ಹಾಳು ಮುದುಕನ ಆಟದ ಹುಚ್ಚು ಎಂದು ಅವರು ಎದ್ದು ಹೋಗುತ್ತಿದ್ದರು. ಅದು ಹುಚ್ಚಲ್ಲ ಎಂದು ನನಗೆ ತಿಳಿದದ್ದು, ಮಳೆಯಿಂದ ಆಟ ನಿಂತ ಒಂದು ದಿನವೂ ಅವನು ಯಾವುದೋ ಅಡುಗೆ ಚಾನೆಲ್ಲಿನ ದನಿಯನ್ನು ಅಷ್ಟೇ ಏರಿಸಿದಾಗ.

ಅವ್ವ ಮಾತ್ರ ಬದಲಾಗಿದ್ದಳು. ಮೇ ತಿಂಗಳಲ್ಲಿ ಮೂರು ದಿನ ಚಹಾ ಕುಡಿಯದೆ, ತಲೆಗೆ ಬಟ್ಟೆ ಬಿಗಿದು ಮಲಗಿದ್ದಳು. ಬೆಳಗಿನಿಂದ ಸಂಜೆಯವರೆಗೆ ಚಹಾದ ಮೇಲೆಯೇ ನಡೆಯುವ ಹೆಂಗಸು. ಏನೆಂದು ಕೇಳಿದರೆ ಪಿತ್ತ ಎಂದಳು. ನಾಲ್ಕನೇ ದಿನ ಎದ್ದು ಎರಡು ಕಪ್ಪು ಒಟ್ಟಿಗೆ ಕುಡಿದಳು. ನಾನು ಮಾತ್ರ ಅದು ಮೆದುಳಿನ ಗಡ್ಡೆ ಇರಬಹುದೆಂದು ಮೂರು ದಿನ ಪುಸ್ತಕ ತಿರುವಿದ್ದೆ. ಅಲ್ಲಿಂದ ಮುಂದೆ ಅವಳು ತಂಡಕ್ಕೆ ಬೈಯುವುದನ್ನು ನಿಲ್ಲಿಸಿದಳು. ಚೆಂಡು ಬಿಟ್ಟರೂ ಸುಮ್ಮನೆ, ಆಟ ಸೋತರೂ ಸುಮ್ಮನೆ. ಬತ್ತಿ ಹೊಸೆಯುತ್ತಿದ್ದಳು, ಅಷ್ಟೇ. ಮನೆಯಲ್ಲಿ ಇಂಥ ಕಾಯಿಲೆ ಇರುವಾಗ ಹೆಣ, ಸಾವು ಎಂಬ ಮಾತು ಬಾಯಿಗೆ ಬರಬಾರದೆಂದು ಬಿಟ್ಟಿದ್ದಾಳೆ ಎಂದುಕೊಂಡೆ. ನನಗೆ ಅದು ತಡೆಯಲಾಗಲಿಲ್ಲ. ಜುಲೈನಲ್ಲಿ, ತಲೆಗೆ ಎಣ್ಣೆ ಹಚ್ಚುವಾಗ ನನ್ನ ಕೂದಲು ಹಿಡಿಹಿಡಿಯಾಗಿ ಅವಳ ಕೈಗೆ ಬಂದ ಸಂಜೆ, ನಮ್ಮವರು ಗೆಲ್ಲುವ ಆಟವನ್ನು ಕೊನೆಯ ಇನ್ನಿಂಗ್ಸಿನಲ್ಲಿ ಕೈಬಿಟ್ಟರು. ಅವ್ವ ಉದುರಿದ ಕೂದಲನ್ನು ಉಂಡೆ ಮಾಡುತ್ತಿದ್ದಳು. ನಾನು ಅವಳ ಮೇಲೆ ಹರಿಹಾಯ್ದೆ.

“ಬೈಯವಾ ಅವರಿಗೆ. ಹಿಂದಿನಂಗ ಬೈ. ನಾ ಇನ್ನೂ ಸತ್ತಿಲ್ಲ.”

“ಆಡೋರು ಸೋಲ್ತಾರ, ಬೈದ್ರೇನ ಬಂತು,” ಎಂದಳು ಅವ್ವ. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಇನ್ನೂ ಹೇಳಬೇಕೆಂದರೆ, ಸ್ವಲ್ಪ ನೆಮ್ಮದಿ ಇತ್ತು. ನಾನು ಅದನ್ನು ಕಂಡೆ. ಕಂಡು, ಇವಳಿಗೆ ನನ್ನ ಆಸೆ ಬಿಟ್ಟುಹೋಗಿದೆ ಎಂದು ತಿಳಿದೆ. ಎರಡು ವಾರ ಅವಳೊಂದಿಗೆ ಮಾತಾಡಲಿಲ್ಲ. ಈಗ ಅಪ್ಪ ನಮ್ಮಿಬ್ಬರ ನಡುವೆ ಮಾತು ಸಾಗಿಸಬೇಕಾಯಿತು. ಅದರಲ್ಲಿ ಅವನು ಅವ್ವನಷ್ಟು ನುರಿತವನಾಗಿರಲಿಲ್ಲ, ಅರ್ಧ ಮರೆಯುತ್ತಿದ್ದ.

ಆ ವರ್ಷ ನಮ್ಮ ತಂಡಕ್ಕೆ ಏನಾಯಿತೋ ಗೊತ್ತಿಲ್ಲ, ಗೆಲ್ಲತೊಡಗಿತು. ಸೆಪ್ಟೆಂಬರ್ ದಾಟಿತು, ಅಕ್ಟೋಬರಿನ ಸುತ್ತುಗಳನ್ನು ದಾಟಿತು, ಏಳರಲ್ಲಿ ನಾಲ್ಕು ಆಟ ಮೊದಲು ಗೆದ್ದವರದೇ ಪಟ್ಟವೆಂಬ ಫೈನಲ್ಲಿಗೇ ಬಂದು ನಿಂತಿತು. ಎದುರಿಗೆ ಬ್ರಾಂಕ್ಸಿನವರು. ನನ್ನ ಕೊನೆಯ ಕೀಮೋ ಮುಗಿದು ಸ್ಕ್ಯಾನ್ ಆಗಿತ್ತು. ಫಲಿತಾಂಶ ಶುಕ್ರವಾರ ಹೇಳುವುದಾಗಿ ಡಾಕ್ಟರ ಆಫೀಸಿನವರು ತಿಳಿಸಿದ್ದರು. ಅಪ್ಪ ವಹಿಯ ಎಡಬಲ ಪುಟಗಳನ್ನು ಒಟ್ಟಿಗೆ ನೋಡುತ್ತ ಬಾಯಿ ಬಿಟ್ಟು ಹೇಳಲಿಲ್ಲವಾದರೂ ಏನು ಲೆಕ್ಕ ಹಾಕುತ್ತಿದ್ದನೆಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಅದನ್ನೇ ಹಾಕುತ್ತಿದ್ದೆ: ಇವರು ಗೆದ್ದರೆ ನಾನೂ ಗೆದ್ದೆ. ಒಂದು ಪಿಚಿಂಗ್ ಪಡೆಯ ಮೇಲೆ ಜೀವ ಇಡುವಷ್ಟು ಕೆಳಗಿಳಿದಿದ್ದೆ. ಅದೂ ಆ ಪಡೆಯ ಮೇಲೆ. ಅವ್ವ ದಿನಕ್ಕೆ ಎರಡು ಸಲ ದೀಪ ಹಚ್ಚುತ್ತಿದ್ದಳು. ಟೀವಿಯ ಪಕ್ಕದ ಪುಸ್ತಕದ ಕಪಾಟಿನಲ್ಲಿ ನಮ್ಮ ಮನೆದೇವರು ವೀರಭದ್ರನ ಪಟ. ತಂಡಕ್ಕಾಗಿಯೇ ಕೈ ಮುಗಿಯುತ್ತಿದ್ದಾಳೆಂದು ಅಪ್ಪನಿಗೆ ಮೊದಲ ಸಲ ಹೆಂಡತಿಯ ದೇವಭಕ್ತಿಯ ಮೇಲೆ ಗೌರವ ಬಂದಿತ್ತು.

ಗುರುವಾರದ ಐದನೇ ಆಟ ನಮ್ಮ ಕ್ವೀನ್ಸಿನ ಅಂಗಳದಲ್ಲೇ; ಅದರ ಹೊತ್ತಿಗೆ ಅವರು ಮೂರು ಗೆದ್ದಿದ್ದರು, ನಾವು ಒಂದು. ನಾನು ಮಾತ್ರೆ ನುಂಗಿ ಬೇಗ ಮಲಗಿಬಿಟ್ಟೆ. ಶುಕ್ರವಾರ ಬೆಳಿಗ್ಗೆ ಎದ್ದಾಗ ಮನೆ ತುಂಬ ಏಲಕ್ಕಿ ಮತ್ತು ತುಪ್ಪದ ವಾಸನೆ. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಗೆದ್ದರು ಎಂದುಕೊಂಡು ಹಾಲಿಗೆ ಓಡಿದೆ. ಸೋಫಾದ ಮೇಲೆ ನಿನ್ನೆಯ ಅಂಗಿಯಲ್ಲೇ ಕುಳಿತಿದ್ದ ಅಪ್ಪನ ಮುಖ ನೋಡಿದೆ. ಗೆದ್ದಿರಲಿಲ್ಲ. ಎಲ್ಲ ಮುಗಿದಿತ್ತು. ಅವನ ತೊಡೆಯ ಮೇಲೆ ವಹಿ ತೆರೆದೇ ಇತ್ತು, ತಡೆಗೆ ಕಾರಣದ ಕಾಲಮ್ಮು ಖಾಲಿ.

ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಯಾರ ಲಗ್ನ ಐತಿ ಇವತ್ತು?”

ಅವ್ವ ಹುಗ್ಗಿ ತಿರುವುತ್ತಲೇ ಇದ್ದಳು. “ಮುಟ್ಟಿತು,” ಎಂದಳು. “ವೀರಭದ್ರಗ ಮುಟ್ಟಿತು. ನೀವಿಬ್ರೂ ಮಾರಿ ತೊಳಕೊಂಡು ಬರ್ರಿ.”

“ಏನ ಮುಟ್ಟಿತು?”

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಅಪ್ಪನ ರೈಲ್ವೆ ಪಾಸಿನ ಮೇಲೆ ಇಬ್ಬರೂ ಕಾಶಿಗೆ ಹೋಗಿದ್ದಾಗ, ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಲ್ಲ, ಅವ್ವ ಹಾಗಲಕಾಯಿ ಬಿಟ್ಟು ಬಂದಿದ್ದಳು. ಹುಟ್ಟಿದಾಗಿನಿಂದ ಅವಳು ಅದನ್ನು ಬಾಯಿಗಿಟ್ಟವಳಲ್ಲ. ದೇವರಿಗೇ ಟೋಪಿ ಹಾಕಿದ ಹೆಂಗಸು ಎಂದು ಅಪ್ಪ ಇಪ್ಪತ್ತು ವರ್ಷದಿಂದ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದ.

“ಕಾಶ್ಯಾಗ ಮೋಸ ಮಾಡಿದೆ,” ಎಂದಳು ಅವ್ವ, ಈಗ ಸೌಟು ಕೆಳಗಿಟ್ಟು. “ಈ ಸಲ ಮಾಡಬಾರ್ದಂತ ಚಹಾ ಬಿಟ್ಟೆ. ಮೂರ ದಿನ. ತಲಿ ಒಡದ ಹೋತು, ಆಗ್ಲಿಲ್ಲ. ಆಮ್ಯಾಲ ಕುಂತು ವಿಚಾರ ಮಾಡಿದೆ, ಈ ಮನ್ಯಾಗ ಮತ್ತೇನ ಪ್ರೀತಿದು ಐತಿ ಅಂತ. ಹುಡುಕಿದ್ರ ಅದೊಂದ ಸಿಕ್ತು. ನಮ್ಮವರು ಕಡೀ ಮ್ಯಾಚ್ ಸೋಲ್ಲಿ, ನಮ್ಮ ಹುಡುಗಿ ಉಳೀಲಿ ಅಂತ ಬೇಡಕೊಂಡೆ.”

ಅಪ್ಪ ತಿರುಗಿ ಹಾಲಿನಲ್ಲಿದ್ದ ಸೋಫಾ ನೋಡಿದ. ಇಡೀ ಬೇಸಿಗೆ ಒಂದೇ ಸೋಫಾದ ಮೇಲೆ, ಮೊಣಕೈಗೆ ಮೊಣಕೈ ತಾಗಿಸಿ ಕುಳಿತು, ಎದುರಾಳಿಗೆ ಪೂಜೆ ಸಲ್ಲಿಸಿದ ಹೆಂಗಸು.

“ಅದೇನ ನಿನ್ನದಾಗಿತ್ತೇನು ಬಿಡಾಕ?” ಎಂದ ಕಡೆಗೆ. “ನನ್ನ ತಂಡ ಅದು. ನನ್ನನ್ನ ಕೇಳಬೇಕಿತ್ತು.”

“ನಂದೂ ಹೌದು. ನಾ ಏನ ಪುಕ್ಕಟ ಬೈದೇನ ಇಷ್ಟ ವರ್ಷ?”

ಅಷ್ಟರಲ್ಲಿ ಹುಗ್ಗಿ ತಳ ಹಿಡಿಯುವ ವಾಸನೆ ಬರುತ್ತಿತ್ತು. ಅಪ್ಪನ ಮುಂದಿನ ಪ್ರಶ್ನೆ ಗಾರ್ಡಿನದೇ ಆಗಿತ್ತು.

“ಈ ವರ್ಷದ್ದಷ್ಟ ಬಿಟ್ಟಿಯೋ, ಕಾಯಂ ಬಿಟ್ಟಿಯೋ?”

ಅವ್ವ ಮೊದಲ ಸಲ ಅಳುಕಿದಳು. “ಗಡುವು ಹೇಳಿಲ್ಲ,” ಎಂದಳು.

ಅಪ್ಪ ಹುಗ್ಗಿ ಮುಟ್ಟಲಿಲ್ಲ. ನಾನು ತಿಂದೆ. ಸಿಟ್ಟಿನಿಂದಲೇ ತಿಂದೆ, ಫಲಿತಾಂಶ ಇನ್ನೂ ಬಂದಿಲ್ಲ, ಇವಳು ಆಗಲೇ ಹಬ್ಬ ಮಾಡುತ್ತಿದ್ದಾಳೆ, ದೃಷ್ಟಿ ತಾಗುವುದು ಇಂಥದಕ್ಕೇ ಎಂದು ಬೈಯುತ್ತ ಎರಡು ಬಟ್ಟಲು ತಿಂದೆ. ಎರಡು ವಾರ ನಾನು ಮುಖ ತಿರುಗಿಸಿಕೊಂಡಿದ್ದದ್ದು ನೆನಪಾಗಿ ಮೂರನೆಯದನ್ನು ಅವ್ವನಿಗೇ ಬಡಿಸಿದೆ.

ಆಸ್ಪತ್ರೆಗೆ ಅಪ್ಪ ಎಂದಿನಂತೆ ಬಂದ. ದಾರಿಯುದ್ದಕ್ಕೂ ವಹಿಯನ್ನು ಮುಚ್ಚಿಯೇ ಹಿಡಿದಿದ್ದ. ಕಾರಿಡಾರಿನಲ್ಲಿ ಡೆನಿಸ್ ಎದುರಾದಳು. ಅವಳು ಕುಣಿಯುತ್ತಾಳೆಂದು ನಾನು ಹಲ್ಲು ಬಿಗಿಹಿಡಿದೆ. ಅವಳ ತಲೆಯ ಮೇಲೆ ಟೋಪಿ ಇರಲಿಲ್ಲ. ಹತ್ತಿರ ಬಂದು, ಐದು ಆಟದಲ್ಲೂ ನಮ್ಮ ಬೆವರಿಳಿಸಿದಿರಿ ಎಂದು ನಿನ್ನ ಅಪ್ಪನಿಗೆ ಹೇಳು ಎಂದಳು. ನಾನು ಹೇಳಿದೆ. ಅಪ್ಪ ತಲೆಯಾಡಿಸಿದ. ಶತ್ರುವಿನಿಂದ ಅಷ್ಟು ಮರ್ಯಾದೆ ಅವನಿಗೆ ರೈಲ್ವೆಯಲ್ಲೂ ಸಿಕ್ಕಿರಲಿಲ್ಲ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಈಗ ಏನೂ ಕಾಣುತ್ತಿಲ್ಲ ಎಂದರು. ಹೋಗಿದೆ ಎನ್ನಿ ಎಂದೆ. ಕಾಣುತ್ತಿಲ್ಲ ಎಂದೇ ಹೇಳುವುದು ಪದ್ಧತಿ ಎಂದರು. ಸೊಟ್ಟ ಸರ್ಟಿಫಿಕೇಟು ಅವತ್ತೂ ಸೊಟ್ಟಗೇ ಇತ್ತು. ಎದ್ದು ಹೋಗಿ ನೆಟ್ಟಗೆ ಮಾಡಿ ಬಂದೆ.

ಹೊರಗೆ ಮೀನಿನ ತೊಟ್ಟಿಯ ಪಕ್ಕ ಅಪ್ಪನಿಗೆ ಹೇಳಿದೆ. ಏನೂ ಕಾಣ್ತಿಲ್ಲಂತ. ಅಪ್ಪ ಗಡಿಯಾರ ನೋಡಿ, ವಹಿಯ ಬಲಪುಟದಲ್ಲಿ ಹೊತ್ತು ಬರೆದ. ಆಮೇಲೆ ಎಡಪುಟಕ್ಕೆ ಹೋಗಿ ಖಾಲಿ ಬಿಟ್ಟಿದ್ದ ಕಾಲಮ್ಮನ್ನು ತುಂಬಿದ. ಅವನು ಕೋಟು ಹಾಕಿಕೊಳ್ಳುವಾಗ ವಹಿ ನನ್ನ ಕೈಗೆ ಬಂತು. ಆ ಗಟ್ಟಿ, ಎಡಕ್ಕೆ ವಾಲಿದ ಅಕ್ಷರದಲ್ಲಿ ಬರೆದಿತ್ತು: ಲೂಪ್ ಲೈನಿಗೆ ಹಾಕಲಾಯಿತು. ಕಾರಣ: ಮೇಲ್ ಗಾಡಿಗೆ ದಾರಿ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನನ್ನ ಕೂದಲು ಬಂದಿದೆ, ಮೊದಲಿಗಿಂತ ಸುರುಳಿ. ಸಿಟ್ಟು ಮೊದಲಿನಷ್ಟೇ ಇದೆ. ಕೆಲಸ ಹೋಗಿ ಬೇರೆ ಬಂದಿದೆ. ಪ್ರತಿ ಶರತ್ಕಾಲದಲ್ಲಿ ತಪಾಸಣೆಗೆ ಹೋಗುತ್ತೇನೆ. ಕಿತ್ತಳೆ ಮೀನು ಬದಲಾಗಿದೆ. ಈಗಿರುವುದು ಕಪ್ಪು, ನೋಟ ಮಾತ್ರ ಅದೇ. ಡೆನಿಸ್ ಇನ್ನೂ ಟೋಪಿ ಹಾಕುತ್ತಾಳೆ. ಅಪ್ಪನಿಗೆ ಕಣ್ಣು ಮಂಜಾಗಿದೆ. ಆಟವನ್ನು ಐದನೇ ಇನ್ನಿಂಗ್ಸಿನವರೆಗೆ ನೋಡಿ ಮಲಗಿಬಿಡುತ್ತಾನೆ. ಕೊನೆಯ ತನಕ ಕೂರುವುದು ನನ್ನ ಪಾಲು. ನಮ್ಮ ತಂಡ ಗೆಲುವಿನ ಹತ್ತಿರ ಬಂದಾಗಲೆಲ್ಲ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಇದು ಮೂಢನಂಬಿಕೆ ಎಂದು ಗೊತ್ತಿದೆ. ಎಡಬದಿ ಒತ್ತಿ ನೋಡುತ್ತೇನೆ, ಬಲಬದಿ ಒತ್ತಿ ನೋಡುತ್ತೇನೆ, ಪರದೆಯ ಮೇಲೆ ಮೂರನೇ ಬೇಸಿನಲ್ಲಿ ನಿಂತವನಿಗೆ ಅಲ್ಲೇ ಇರಪ್ಪ ಎನ್ನುತ್ತೇನೆ. ಪಕ್ಕದಲ್ಲಿ ಅವ್ವ ಏನೂ ಅರಿಯದವಳಂತೆ ಬತ್ತಿ ಹೊಸೆಯುತ್ತಿರುತ್ತಾಳೆ.

ಹೋದ ಋತುವಿನ ಕೊನೆಯ ಆಟದ ಮರುದಿನ ಬೆಳಿಗ್ಗೆ ಅಪ್ಪ ಗೋಡೆ ಹಿಡಿದುಕೊಂಡು ಹಾಲಿಗೆ ಬಂದ. ವಹಿ ಬಗಲಲ್ಲಿತ್ತು. ಸೋಫಾದ ಅಂಚು ಸಿಕ್ಕಿದ ಮೇಲೆ ಕೇಳಿದ.

“ಸೋತ್ರೇನು?”

“ಸೋತ್ರಪಾ.”

ಅಪ್ಪ ಬಾಯಿ ತುಂಬ, ಆ ಕೋಚಿನ ಮೂರು ತಲೆಮಾರಿಗೂ ಸಾಲುವಷ್ಟು ಬೈದ. ಬೈದು ಮುಗಿದ ಮೇಲೆ ಕೈ ಚಾಚಿ, ಗುರಿ ತಪ್ಪಿ ನನ್ನ ಕಿವಿಗೆ ತಾಗಿ, ಅಲ್ಲಿಂದ ಇಳಿದು ಕುತ್ತಿಗೆಯ ಎಡಬದಿಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದ.

“ಚಲೋ ಆತು,” ಎಂದ. “ಚಹಾ ಹಾಕಂತ ಹೇಳು ನಿಮ್ಮವ್ವಗ.”